ಹಿಸ್ ಟ್ಯಾಗ್ ಬ್ಲಾಟಿನಲ್ಲಿ 27ರ ಬ್ಯಾಂಡ್: ಅದು ನಿಮ್ಮ ಪ್ರೋಟೀನೇ?

ಪ್ರಶ್ನೆ: ಬಾಗಲಕೋಟೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ದಾಳಿಂಬೆಗೆ ದುಂಡಾಣು ಅಂಗಮಾರಿ ತರುವ ಜಾಂಥೋಮೊನಾಸ್‌ನ ಒಂದು ಪ್ರೋಟೀನನ್ನು ಇ. ಕೋಲಿಯಲ್ಲಿ ತಯಾರಿಸುತ್ತಿದ್ದೇನೆ. ಜೀನ್ 630 ಬೇಸ್ ಜೋಡಿ, ಪ್ರೋಟೀನ್ ಸುಮಾರು 23 ಕಿಲೋಡಾಲ್ಟನ್. ಪೆಟ್-28ಎ ಪ್ಲಾಸ್ಮಿಡ್‌ನಲ್ಲಿ ಎನ್‌ಕೋ ಒನ್ ಮತ್ತು ಎಕ್ಸ್‌ಹೋ ಒನ್ ಕಿಣ್ವಗಳು ಕತ್ತರಿಸುವ ಸೈಟುಗಳ ನಡುವೆ ಕ್ಲೋನ್ ಮಾಡಿದ್ದೇನೆ. ರಿವರ್ಸ್ ಪ್ರೈಮರ್‌ನಲ್ಲಿ ಜೀನಿನ ಸ್ಟಾಪ್ ಕೋಡಾನ್ ಇದೆ. ಜೀನನ್ನು ಚಾಲೂ ಮಾಡುವ ಐಪಿಟಿಜಿ ಕೊಟ್ಟ ಮೇಲೆ, ಎಲ್ಲ ಪ್ರೋಟೀನಿಗೂ ಬಣ್ಣ ಹಿಡಿಸುವ ಕೂಮಾಸಿ ಜೆಲ್ಲಿನಲ್ಲಿ 25 ಕಿಲೋಡಾಲ್ಟನ್‌ನ ಸ್ವಲ್ಪ ಕೆಳಗೆ ದಪ್ಪ ಬ್ಯಾಂಡ್ ಬರುತ್ತದೆ. ಆದರೆ ಮೊಲದ ಪಾಲಿಕ್ಲೋನಲ್ ಆಂಟಿ-ಹಿಸ್ (ಹಿಸ್ ಟ್ಯಾಗ್, ಅಂದರೆ ಪ್ರೋಟೀನಿನ ತುದಿಗೆ ಕಟ್ಟುವ ಆರು ಹಿಸ್ಟಿಡಿನ್ ಸಾಲನ್ನು ಹಿಡಿಯುವ ಪ್ರತಿಕಾಯ) ಹಾಕಿದ ವೆಸ್ಟರ್ನ್ ಬ್ಲಾಟಿನಲ್ಲಿ ಬ್ಯಾಂಡ್ ಬರುವುದು 27ರಲ್ಲಿ, ಮಸುಕಾಗಿ 70ರ ಹತ್ತಿರ ಇನ್ನೊಂದು. ಎರಡೂ ಐಪಿಟಿಜಿ ಕೊಡದ ಲೇನಿನಲ್ಲೂ ಇವೆ. ಹಿಸ್ ಟ್ಯಾಗ್ ಹಿಡಿಯುವ ನಿಕ್ಕಲ್ ಕಾಲಮ್‌ಗೆ ಅಂಟಿ, ಕೊನೆಗೆ ಎಲ್ಯೂಟ್ ಆದದ್ದೂ (ಬಿಡಿಸಿ ತೆಗೆದದ್ದೂ) 27ರದ್ದೇ. ದಪ್ಪ ಬ್ಯಾಂಡ್ ಹೆಚ್ಚಾಗಿ ಫ್ಲೋ-ಥ್ರೂನಲ್ಲೇ, ಅಂದರೆ ಕಾಲಮ್‌ಗೆ ಅಂಟದೆ ಹರಿದ ದ್ರವದಲ್ಲೇ, ಹೋಯಿತು. ಗೈಡ್ ಸರ್, ‘ಟ್ಯಾಗ್ ತೂಕ ಸೇರಿ 27 ಆಗಿದೆ, ಅದೇ ನಮ್ಮ ಪ್ರೋಟೀನ್’ ಎನ್ನುತ್ತಾರೆ. ಸೀನಿಯರ್ ಅಕ್ಕ, ‘ಆಂಟಿ-ಹಿಸ್ ನಂಬಬೇಡ, ಫ್ಲ್ಯಾಗ್ ಎಂಬ ಇನ್ನೊಂದು ಟ್ಯಾಗ್‌ಗೆ ಹೋಗು’ ಎನ್ನುತ್ತಾರೆ. ಪ್ರತಿಕಾಯ ಏಪ್ರಿಲ್‌ನಲ್ಲಿ ಕೊರಿಯರ್‌ನಲ್ಲಿ ಬಂದಾಗ ಜೆಲ್ ಪ್ಯಾಕ್ ಪೂರ್ತಿ ಕರಗಿತ್ತು. ಅದು ಕೆಟ್ಟಿರಬಹುದೇ? ಮುಂದೆ ಇದೇ ಪ್ರತಿಕಾಯದಿಂದ ಬೀಳಗಿ ಕಡೆಯ ತೋಟಗಳ ಎಲೆಗಳಲ್ಲಿ ರೋಗ ಪತ್ತೆ ಮಾಡಬಹುದೇ?

ಉತ್ತರ: ನೀವು ಬರೆದ ರೀತಿಯಲ್ಲೇ ಕ್ಲೋನ್ ಆಗಿದ್ದರೆ ನಿಮ್ಮ ಪ್ರೋಟೀನಿಗೆ ಹಿಸ್ ಟ್ಯಾಗ್ ಇಲ್ಲವೇ ಇಲ್ಲ. ಕೂಮಾಸಿಯಲ್ಲಿ 25ರ ಕೆಳಗೆ ಕಂಡ ದಪ್ಪ ಬ್ಯಾಂಡ್ ನಿಮ್ಮ ಪ್ರೋಟೀನ್ ಆಗಿರುವ ಸಾಧ್ಯತೆ ಬಹಳ ಹೆಚ್ಚು. ಬ್ಲಾಟಿನಲ್ಲಿ 27ರಲ್ಲಿ ಕಂಡದ್ದು ಇ. ಕೋಲಿಯ ಸ್ವಂತ ಪ್ರೋಟೀನ್. ಪ್ರತಿಕಾಯ ಕೆಟ್ಟಿದೆ ಎನ್ನಲು ಈ ಬ್ಲಾಟಿನಲ್ಲಿ ಆಧಾರವಿಲ್ಲ, ಫ್ಲ್ಯಾಗ್ ಕೊಳ್ಳುವ ಅಗತ್ಯವೂ ಈಗ ಇಲ್ಲ. ಬೇಕಾಗಿರುವುದು ಒಂದು ಹೊಸ ಪ್ರೈಮರ್.

ಪೆಟ್-28ಎ ನಕ್ಷೆಯನ್ನು ತೆರೆದು ಎದುರಿಗಿಟ್ಟುಕೊಳ್ಳಿ. ಎನ್‌ಕೋ ಒನ್ ಸೈಟ್ ಇರುವುದು ಅನುವಾದ ಶುರುವಾಗುವ ಎಟಿಜಿಯ ಮೇಲೆಯೇ. ಅದಾದ ಮೇಲೆ ಆರು ಹಿಸ್ಟಿಡಿನ್, ನಂತರ ಥ್ರಾಂಬಿನ್ ಕತ್ತರಿಸುವ ಜಾಗ, ನಂತರ ಎನ್‌ಡೀ ಒನ್. ಎನ್‌ಕೋ ಒನ್‌ನಲ್ಲಿ ಕತ್ತರಿಸಿ ಜೀನ್ ಕೂರಿಸಿದರೆ ಈ ಆರು ಹಿಸ್ಟಿಡಿನ್‌ಗಳೂ ಕತ್ತರಿಸಿದ ತುಂಡಿನ ಜೊತೆ ಹೊರಗೆ ಹೋಗುತ್ತವೆ. ಮುಂದಿನ ತುದಿಯ ಟ್ಯಾಗ್ ಅಲ್ಲಿಗೆ ಮುಗಿಯಿತು. ಹಿಂದಿನ ತುದಿಯಲ್ಲಿ, ಎಕ್ಸ್‌ಹೋ ಒನ್ ಆದ ಕೂಡಲೇ ಇನ್ನೊಂದು ಆರು ಹಿಸ್ಟಿಡಿನ್ ಸಾಲು, ಆಮೇಲೆ ಪ್ಲಾಸ್ಮಿಡ್‌ನ ಸ್ಟಾಪ್ ಇದೆ. ಆದರೆ ರೈಬೋಸೋಮ್ ಅಲ್ಲಿಯವರೆಗೆ ಹೋಗಬೇಕಲ್ಲ? ನಿಮ್ಮ ರಿವರ್ಸ್ ಪ್ರೈಮರ್‌ನಲ್ಲಿ ಜೀನಿನ ಸ್ಟಾಪ್ ಇರುವುದರಿಂದ ಅದು ಎಕ್ಸ್‌ಹೋ ಒನ್ ಮುಟ್ಟುವ ಮೊದಲೇ ನಿಂತುಬಿಡುತ್ತದೆ. ಎರಡೂ ತುದಿಯಲ್ಲಿ ಟ್ಯಾಗ್ ಹೋಯಿತು. ಕಾಲೊನಿ ಪಿಸಿಆರ್ ಸರಿ ಬರುತ್ತದೆ, ಡೈಜೆಸ್ಟ್ ಮಾಡಿದರೆ 630ರ ತುಂಡು ಬೀಳುತ್ತದೆ, ಪ್ರೋಟೀನ್ ಕೂಡ ಧಾರಾಳವಾಗಿ ತಯಾರಾಗುತ್ತದೆ. ತಪ್ಪು ಎಲ್ಲೂ ಕಾಣುವುದಿಲ್ಲ. ಅದಕ್ಕೇ ಇದು ಇಷ್ಟು ದಿನ ಹಿಡಿಯುತ್ತದೆ. ಪೆಟ್-28 ಬಳಸುವ ಲ್ಯಾಬುಗಳಲ್ಲಿ ಇದು ಬಹಳ ಸಾಮಾನ್ಯ, ನಿಮಗೊಬ್ಬರಿಗೇ ಆದದ್ದಲ್ಲ.

ನಿಕ್ಕಲ್ ಕಾಲಮ್ ಇದನ್ನು ಆಗಲೇ ಹೇಳಿದೆ. ಟ್ಯಾಗ್ ಇದ್ದ ಪ್ರೋಟೀನ್ ಕಾಲಮ್‌ಗೆ ಅಂಟಬೇಕಿತ್ತು. ನಿಮ್ಮ ದಪ್ಪ ಬ್ಯಾಂಡ್ ಫ್ಲೋ-ಥ್ರೂನಲ್ಲಿ ಹರಿದುಹೋಯಿತು. ಕಾಲಮ್ ಓವರ್‌ಲೋಡ್ ಆಗಿ ಹೋಗಿರಬಹುದು ಎಂದು ಯಾರಾದರೂ ಹೇಳಬಹುದು. ಹಾಗಿದ್ದರೆ ಎಲ್ಯೂಷನ್‌ನಲ್ಲೂ 25ರ ಕೆಳಗಿನ ಅದೇ ಬ್ಯಾಂಡ್ ದಪ್ಪಗೆ ಇರಬೇಕಿತ್ತು, ಏಕೆಂದರೆ ಓವರ್‌ಲೋಡ್ ಎಂದರೆ ಕಾಲಮ್ ತುಂಬಿ ಮಿಕ್ಕಿದ್ದು ಹರಿಯುವುದು. ನಿಮ್ಮಲ್ಲಿ ಎಲ್ಯೂಷನ್‌ನಲ್ಲಿ ಬೇರೆಯೇ ಬ್ಯಾಂಡ್ ಇದೆ. ಗೈಡ್ ಸರ್ ಜೊತೆ ಮಾತಾಡುವಾಗ ಬ್ಲಾಟ್ ತೆಗೆದುಕೊಂಡು ಹೋಗಬೇಡಿ. ಪ್ಲಾಸ್ಮಿಡ್ ನಕ್ಷೆಯ ಮೇಲೆ ನಿಮ್ಮ ಎರಡು ಪ್ರೈಮರ್‌ಗಳನ್ನು ಪೆನ್ಸಿಲ್‌ನಲ್ಲಿ ಬರೆದು, ಫ್ಲೋ-ಥ್ರೂ ಮತ್ತು ಎಲ್ಯೂಷನ್ ಲೇನುಗಳು ಅಕ್ಕಪಕ್ಕ ಇರುವ ಜೆಲ್ ಜೊತೆಗೆ ತೋರಿಸಿ. ಎರಡು ನಿಮಿಷದಲ್ಲಿ ಅವರಿಗೇ ಗೊತ್ತಾಗುತ್ತದೆ.

‘ಟ್ಯಾಗ್ ತೂಕ ಸೇರಿ 27’ ಎಂಬ ಮಾತಿನ ಲೆಕ್ಕ ತಪ್ಪಲ್ಲ. ಎನ್‌ಡೀ ಒನ್‌ನಲ್ಲಿ ಕ್ಲೋನ್ ಮಾಡಿದ್ದರೆ ಮುಂದೆ 20 ಅಮೈನೋ ಆಮ್ಲ, ಅಂದರೆ ಸುಮಾರು 2 ಕಿಲೋಡಾಲ್ಟನ್ ಸೇರುತ್ತಿತ್ತು. 23ಕ್ಕೆ 2 ಸೇರಿ 25. ಎಸ್‌ಡಿಎಸ್ ಜೆಲ್ಲಿನಲ್ಲಿ ಒಂದೆರಡು ಕಿಲೋಡಾಲ್ಟನ್ ಮೇಲೆ ಕೆಳಗೆ ಓಡುವುದು ಮಾಮೂಲು. ಹಾಗಾಗಿ ಬರೀ ಗಾತ್ರ ನೋಡಿ ಯಾರೂ ತೀರ್ಮಾನ ಮಾಡಬಾರದು. ‘ಗಾತ್ರ ಹೊಂದಿತು, ಆದ್ದರಿಂದ ನಮ್ಮದೇ’ ಎನ್ನುವುದಕ್ಕೂ ಇದು ಅನ್ವಯಿಸುತ್ತದೆ. ಇಲ್ಲಿ ಗಾತ್ರಕ್ಕಿಂತ ದೊಡ್ಡ ಸಾಕ್ಷಿ ಐಪಿಟಿಜಿ ಕೊಡದ ಲೇನಿನಲ್ಲೂ ಬ್ಯಾಂಡ್ ಅಷ್ಟೇ ಇರುವುದು. ಜೀನಿನ ಸ್ವಿಚ್ ಆದ ಟಿ7 ಪ್ರೊಮೋಟರ್ ಐಪಿಟಿಜಿ ಇಲ್ಲದೆಯೂ ಸ್ವಲ್ಪ ಸೋರುತ್ತದೆ, ನಿಜ. ಆದರೆ ಸೋರಿಕೆಯಿಂದ ಬಂದ ಬ್ಯಾಂಡ್ ಐಪಿಟಿಜಿ ಕೊಟ್ಟ ಮೇಲೆ ಹಲವು ಪಟ್ಟು ದಪ್ಪಗಾಗಬೇಕು. ದಪ್ಪಗಾಗದೆ ಇದ್ದಲ್ಲಿಯೇ ಇದ್ದರೆ ಅದು ಬ್ಯಾಕ್ಟೀರಿಯಾದ ಮನೆಯದ್ದು.

ಹಾಗಾದರೆ 27ರಲ್ಲಿ ಇರುವುದು ಯಾವುದು? ಮೊದಲು ಅನುಮಾನ ಪಡಬೇಕಾದದ್ದು ಸ್ಲೈಡಿ ಎಂಬ ಇ. ಕೋಲಿ ಪ್ರೋಟೀನಿನ ಮೇಲೆ. ಅದರಲ್ಲಿ 196 ಅಮೈನೋ ಆಮ್ಲಗಳಿವೆ, ಲೆಕ್ಕದ ತೂಕ 21 ಕಿಲೋಡಾಲ್ಟನ್ ಹತ್ತಿರ, ಆದರೆ ಜೆಲ್ಲಿನಲ್ಲಿ 25ರಿಂದ 27ರಲ್ಲಿ ಓಡುತ್ತದೆ. ಅದರ ಬಾಲದ ತುಂಬ ಹಿಸ್ಟಿಡಿನ್. ನಿಕ್ಕಲ್ ಕಾಲಮ್‌ಗೆ ಗಟ್ಟಿಯಾಗಿ ಅಂಟಿ, ಟ್ಯಾಗ್ ಇದ್ದ ಪ್ರೋಟೀನಿನಂತೆಯೇ ಎಲ್ಯೂಷನ್‌ನಲ್ಲಿ ಹೊರಬರುತ್ತದೆ. 70ರ ಹತ್ತಿರದ್ದಕ್ಕೆ ಆರ್ನ್‌ಎ ಮತ್ತು ಜಿಎಲ್ಎಂಎಸ್ ಎಂಬ ಎರಡು ಪ್ರೋಟೀನುಗಳು ಸಾಮಾನ್ಯ ಉಮೇದುವಾರರು. ಅವುಗಳೂ ನಿಕ್ಕಲ್‌ಗೆ ಅಂಟುತ್ತವೆ. ನಿಮ್ಮ ಎಲ್ಯೂಷನ್ ಚಿತ್ರ ಇದಕ್ಕೆ ಸರಿಯಾಗಿ ಹೊಂದುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಸ್ಲೈಡಿಯ ಬಾಲದಲ್ಲಿ ಹಿಸ್ಟಿಡಿನ್ ಬಹಳ ಇದ್ದರೂ ಒಂದೇ ಸಾಲಿನಲ್ಲಿ ಮೂರಕ್ಕಿಂತ ಹೆಚ್ಚು ಇಲ್ಲ. ನಡುವೆ ಆಸ್ಪಾರ್ಟಿಕ್ ಆಮ್ಲ, ಗ್ಲೈಸಿನ್ ಬರುತ್ತವೆ. ಪೆಂಟಾ-ಹಿಸ್ ಎಂಬ ಮೋನೋಕ್ಲೋನಲ್‌ಗೆ (ಒಂದೇ ಬಗೆಯ ಪ್ರತಿಕಾಯಕ್ಕೆ) ಐದು ಹಿಸ್ಟಿಡಿನ್ ಸತತವಾಗಿ ಬೇಕು, ಆದ್ದರಿಂದ ಅದು ಸ್ಲೈಡಿಯನ್ನು ಬಿಟ್ಟುಬಿಡಬೇಕು. ನಿಮ್ಮದು ಮೊಲದ ಪಾಲಿಕ್ಲೋನಲ್. ಅದರಲ್ಲಿ ಹಲವು ಬಗೆಯ ಪ್ರತಿಕಾಯಗಳು ಬೆರೆತಿವೆ. ಕೆಲವು ಎರಡು ಮೂರು ಹಿಸ್ಟಿಡಿನ್ ಸಿಕ್ಕರೂ ಹಿಡಿಯುತ್ತವೆ. ಅದಲ್ಲದೆ ಪ್ರತಿಜನಕ ಚುಚ್ಚುವ ಮೊದಲೇ ಮೊಲದ ರಕ್ತದಲ್ಲಿ ಇ. ಕೋಲಿ ಪ್ರೋಟೀನುಗಳ ವಿರುದ್ಧ ಪ್ರತಿಕಾಯಗಳು ಹಲವು ಸಲ ಇರುತ್ತವೆ. ಅವು ನಿಮ್ಮ ಸೀಸೆಯಲ್ಲೂ ಉಳಿದಿರಬಹುದು. ಪ್ರತಿಕಾಯದ ಬದಲು ನಿಕ್ಕಲ್ ಮತ್ತು ಪೆರಾಕ್ಸಿಡೇಸ್ ಕೂಡಿಸಿದ ಪ್ರೋಬ್ ಬಳಸುವವರಿಗೆ ಸ್ಲೈಡಿ ಇನ್ನೂ ಜೋರಾಗಿ ಕಾಣುತ್ತದೆ, ಅದು ಹುಡುಕುವುದೇ ಹಿಸ್ಟಿಡಿನ್ ದಟ್ಟಣೆಯನ್ನು.

ಟ್ಯಾಗ್ ಪ್ರತಿಕಾಯದ ಕೆಲಸ ದನದ ಸಂತೆಯಲ್ಲಿ ಕೋಡಿನ ಬಣ್ಣ ನೋಡಿ ಎತ್ತು ಗುರುತಿಸಿದ ಹಾಗೆ. ಕೆಂಪು ಕೋಡು ಕಂಡಿತು ಎಂದಷ್ಟೇ ಅದು ಹೇಳುತ್ತದೆ; ಆ ಎತ್ತು ಯಾರದ್ದು ಎಂಬುದನ್ನು ನೀವು ಜೆಲ್ಲಿಗೆ ಹಾಕಿದ ಕಂಟ್ರೋಲ್ ಲೇನುಗಳೇ ಹೇಳಬೇಕು.

ಈಗ ಕ್ಲೋನ್ ಸರಿಪಡಿಸುವ ಮಾತು. ಎರಡು ದಾರಿ ಇವೆ. ಒಂದು, ಫಾರ್ವರ್ಡ್ ಪ್ರೈಮರ್ ಹಾಗೇ ಬಿಟ್ಟು ರಿವರ್ಸ್ ಮಾತ್ರ ಹೊಸದಾಗಿ ತರಿಸುವುದು. ಸ್ಟಾಪ್ ಕೋಡಾನ್ ತೆಗೆಯಿರಿ, ಜೀನಿನ ಕೊನೆಯ ಅಮೈನೋ ಆಮ್ಲದ ಕೋಡಾನ್ ಆದ ಕೂಡಲೇ ಎಕ್ಸ್‌ಹೋ ಒನ್‌ನ ಸಿ-ಟಿ-ಸಿ-ಜಿ-ಎ-ಜಿ ಬರಲಿ, ನಡುವೆ ಒಂದು ಬೇಸ್ ಕೂಡ ಹೆಚ್ಚು ಕಡಿಮೆ ಆಗದಿರಲಿ. ಆಗ ಪ್ರೋಟೀನಿನ ಕೊನೆಗೆ ಲ್ಯೂಸಿನ್, ಗ್ಲುಟಾಮಿಕ್ ಆಮ್ಲ, ಆರು ಹಿಸ್ಟಿಡಿನ್ ಸೇರುತ್ತವೆ; ತೂಕಕ್ಕೆ ಸುಮಾರು 1 ಕಿಲೋಡಾಲ್ಟನ್ ಮಾತ್ರ. ಕಿಣ್ವ ಹಿಡಿಯಲು ಸೈಟ್‌ನ ಹೊರಗೆ ನಾಲ್ಕೈದು ಬೇಸ್ ಬಿಡುವುದನ್ನು ಮರೆಯಬೇಡಿ. ಇನ್ನೊಂದು ದಾರಿ, ಫಾರ್ವರ್ಡ್ ಪ್ರೈಮರ್‌ಗೆ ಎನ್‌ಡೀ ಒನ್ ಹಾಕಿ, ಹಳೆಯ ರಿವರ್ಸ್ ಸ್ಟಾಪ್ ಸಮೇತ ಬಳಸುವುದು. ಆಗ ಟ್ಯಾಗ್ ಮುಂದಿನ ತುದಿಗೆ ಬರುತ್ತದೆ, ಥ್ರಾಂಬಿನ್‌ನಿಂದ ಅದನ್ನು ಆಮೇಲೆ ಕತ್ತರಿಸಿ ತೆಗೆಯಲೂಬಹುದು. ಮೊದಲು ನಿಮ್ಮ 630 ಬೇಸ್‌ಗಳ ಒಳಗೆ ಸಿ-ಎ-ಟಿ-ಎ-ಟಿ-ಜಿ ಎಲ್ಲೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ನಿಮ್ಮ ಜಾಗದಲ್ಲಿ ನಾನಾದರೆ ಮೊದಲ ದಾರಿ ಹಿಡಿಯುತ್ತೇನೆ. ಹಿಂದಿನ ತುದಿಯ ಟ್ಯಾಗ್ ಕಂಡಿತು ಎಂದರೆ ಅನುವಾದ ಕೊನೆಯವರೆಗೆ ನಡೆದಿದೆ ಎಂದರ್ಥ. ಮುಂದಿನ ತುದಿಯ ಟ್ಯಾಗ್ ಅರ್ಧಕ್ಕೆ ನಿಂತ ಪ್ರೋಟೀನಿನಲ್ಲೂ ಇರುತ್ತದೆ, ಬ್ಲಾಟಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬ್ಯಾಂಡುಗಳು ಬಂದು ತಲೆ ಕೆಡಿಸುತ್ತವೆ. ನಿಮ್ಮ ಪ್ರೋಟೀನಿಗೆ ಮುಂದೆ ಸಿಗ್ನಲ್ ಪೆಪ್ಟೈಡ್ ಇದ್ದರಂತೂ ಮುಂದಿನ ಟ್ಯಾಗ್ ಅದರ ಜೊತೆಗೇ ಕತ್ತರಿಸಿ ಹೋಗುತ್ತದೆ. ಹಿಂದಿನ ತುದಿಯ ಟ್ಯಾಗ್‌ಗೂ ಒಂದು ಅಪಾಯವಿದೆ: ಆ ತುದಿ ಮಡಚಿದ ಪ್ರೋಟೀನಿನ ಒಳಗೆ ಹೂತುಹೋದರೆ ನಿಕ್ಕಲ್‌ಗೆ ಅಂಟುವುದಿಲ್ಲ. ಅದನ್ನು ಗುರುತಿಸುವುದು ಸುಲಭ. 8 ಮೋಲಾರ್ ಯೂರಿಯಾದಲ್ಲಿ ಅಂಟಿ, ಯೂರಿಯಾ ಇಲ್ಲದೆ ಅಂಟದಿದ್ದರೆ ಟ್ಯಾಗ್ ಹೂತಿದೆ. ಆಗ ಗ್ಲೈಸಿನ್-ಸೆರಿನ್‌ನ ಸಣ್ಣ ಲಿಂಕರ್ ನಡುವೆ ಸೇರಿಸಬೇಕಾಗುತ್ತದೆ.

ಎನ್‌ಕೋ ಒನ್ ಬಳಸಿದವರು ನೋಡಿಕೊಳ್ಳಬೇಕಾದದ್ದು ಇನ್ನೊಂದಿದೆ. ಆ ಸೈಟ್ ಸಿ-ಸಿ-ಎ-ಟಿ-ಜಿ-ಜಿ. ಎಟಿಜಿ ಆದ ಮೇಲೆ ಜಿ ಕಡ್ಡಾಯ, ಅಂದರೆ ಎರಡನೇ ಅಮೈನೋ ಆಮ್ಲ ಅಲನಿನ್, ವ್ಯಾಲಿನ್, ಗ್ಲೈಸಿನ್, ಆಸ್ಪಾರ್ಟಿಕ್ ಅಥವಾ ಗ್ಲುಟಾಮಿಕ್ ಆಮ್ಲ ಇವುಗಳಲ್ಲಿ ಒಂದಾಗಿರಲೇಬೇಕು. ನಿಮ್ಮ ಪ್ರೋಟೀನಿನಲ್ಲಿ ಅದು ಸಹಜವಾಗಿ ಹಾಗಿಲ್ಲದಿದ್ದರೆ ಪ್ರೈಮರ್ ಮಾಡುವಾಗ ಬದಲಾಗಿರುತ್ತದೆ. ಪ್ರಬಂಧದಲ್ಲಿ ಅದನ್ನು ಬರೆಯಬೇಕು. ಹೊಸ ಕ್ಲೋನ್ ಬಂದ ಮೇಲೆ ಟಿ7 ಪ್ರೊಮೋಟರ್ ಮತ್ತು ಟಿ7 ಟರ್ಮಿನೇಟರ್ ಎರಡೂ ಪ್ರೈಮರ್‌ಗಳಿಂದ ಸೀಕ್ವೆನ್ಸ್ ಮಾಡಿಸಿ. ಜೀನ್ ಸರಿ ಇದೆಯೇ ಎಂದು ಮಾತ್ರ ನೋಡಬೇಡಿ, ಎರಡೂ ಸಂದಿಗಳನ್ನು ಕೋಡಾನ್ ಕೋಡಾನ್ ಆಗಿ ಅನುವಾದ ಮಾಡಿ, ಹಿಸ್ಟಿಡಿನ್ ಆರು ಇವೆಯೇ ಎಂದು ಕೈಯಿಂದ ಎಣಿಸಿ.

ಬ್ಲಾಟ್ ಮತ್ತೆ ಮಾಡುವಾಗ ಲೇನುಗಳನ್ನು ಹೀಗೆ ಜೋಡಿಸಿ: ಮೊದಲು ಲ್ಯಾಡರ್, ನಂತರ ಪ್ಲಾಸ್ಮಿಡ್ ಇಲ್ಲದ ಬಿಎಲ್21(ಡಿಇ3) ಎಂಬ ಇ. ಕೋಲಿ ತಳಿ, ಖಾಲಿ ಪೆಟ್-28ಎ ಇರುವ, ಐಪಿಟಿಜಿ ಕೊಟ್ಟ ಕೋಶಗಳು, ನಿಮ್ಮ ಕ್ಲೋನ್ ಐಪಿಟಿಜಿ ಇಲ್ಲದೆ, ಐಪಿಟಿಜಿ ಕೊಟ್ಟ ಒಟ್ಟು ಕೋಶ, ಅದರ ಸಾಲ್ಯುಬಲ್ ಭಾಗ, ಅದರ ಪೆಲೆಟ್, ಕೊನೆಗೆ ಹಿಸ್ ಟ್ಯಾಗ್ ಇದೆ ಎಂದು ಖಚಿತವಾಗಿ ಗೊತ್ತಿರುವ ಬೇರೊಂದು ಪ್ರೋಟೀನ್. ಪಕ್ಕದ ಲ್ಯಾಬಿನವರಿಂದ ಹಿಸ್ ಟ್ಯಾಗ್ ಇರುವ ಜಿಎಫ್‌ಪಿ ಹತ್ತು ಮೈಕ್ರೋಲೀಟರ್ ಕೇಳಿ ತಂದರೂ ಆಯಿತು. ಕೊನೆಯ ಲೇನ್ ಖಾಲಿ ಬಂದರೆ ದೋಷ ಬ್ಲಾಟಿನದ್ದು. ಅದು ಬಂದು ನಿಮ್ಮದು ಬರದಿದ್ದರೆ ಕ್ಲೋನ್‌ನದ್ದು. ಪ್ಲಾಸ್ಮಿಡ್ ಇಲ್ಲದ ಲೇನಿನಲ್ಲಿ 27 ಕಂಡರೆ ಆ ಬ್ಯಾಂಡಿನ ಚರ್ಚೆ ಅಲ್ಲಿಗೇ ಮುಗಿಯಿತು. ಖಾಲಿ ಪೆಟ್-28ಎ ಸುಮಾರು 6 ಕಿಲೋಡಾಲ್ಟನ್‌ನ ಹಿಸ್ ಟ್ಯಾಗ್ ಇರುವ ಸಣ್ಣ ಪೆಪ್ಟೈಡ್ ತಯಾರಿಸುತ್ತದೆ. ಅದು ಬಣ್ಣದ ಗೆರೆಯ ಜೊತೆಗೆ ಓಡಿ ಮಸುಕಾಗಿ ಕಂಡರೆ ಗಾಬರಿ ಬೇಡ.

ಪೆಲೆಟ್ ಲೇನ್ ಬಿಡಬೇಡಿ. 37 ಡಿಗ್ರಿಯಲ್ಲಿ 1 ಮಿಲಿಮೋಲಾರ್ ಐಪಿಟಿಜಿ ಕೊಟ್ಟಾಗ ಎಷ್ಟೋ ಪ್ರೋಟೀನುಗಳು ಇನ್‌ಕ್ಲೂಷನ್ ಬಾಡಿ (ಕರಗದ ಗಂಟು) ಆಗಿ ತಳಕ್ಕೆ ಕೂರುತ್ತವೆ. ಮೇಲಿನ ದ್ರವ ಮಾತ್ರ ಜೆಲ್ಲಿಗೆ ಹಾಕಿ ‘ಪ್ರತಿಕಾಯ ಕೆಲಸ ಮಾಡುತ್ತಿಲ್ಲ’ ಎಂದವರು ಬಹಳ ಜನ. ಹಾಗಾದರೆ 16ರಿಂದ 18 ಡಿಗ್ರಿಯಲ್ಲಿ 0.1ರಿಂದ 0.2 ಮಿಲಿಮೋಲಾರ್ ಕೊಟ್ಟು ರಾತ್ರಿಯಿಡೀ ಬೆಳೆಸಿ ನೋಡಿ.

ಮಾದರಿಯನ್ನು ಕಲ್ಚರ್‌ನ ದಟ್ಟಣೆಯ ಅಳತೆಯಾದ ‘ಓಡಿ’ ನೋಡಿ ಸಮ ಮಾಡಿಕೊಳ್ಳಿ. ಓಡಿ 1 ಇರುವ 1 ಮಿ.ಲೀ. ಕಲ್ಚರ್‌ನ ಪೆಲೆಟ್‌ಗೆ 100 ಮೈಕ್ರೋಲೀಟರ್ ಸ್ಯಾಂಪಲ್ ಬಫರ್, 95 ಡಿಗ್ರಿಯಲ್ಲಿ 5 ನಿಮಿಷ, ಕೂಮಾಸಿ ಜೆಲ್ಲಿಗೆ 10 ಮೈಕ್ರೋಲೀಟರ್. ಬ್ಲಾಟಿಗೆ ಅದರ ಐದನೇ ಒಂದು ಭಾಗ ಸಾಕು. ಟ್ಯಾಗ್ ಇರುವ ಪ್ರೋಟೀನ್ ಧಾರಾಳವಾಗಿ ತಯಾರಾದಾಗ ಹೆಚ್ಚು ಹಾಕಿದರೆ ಬ್ಯಾಂಡಿನ ನಡುಭಾಗ ಬಿಳಿಯಾಗಿ ಟೊಳ್ಳಾಗುತ್ತದೆ, ಪೆರಾಕ್ಸಿಡೇಸ್ ಅಲ್ಲಿದ್ದ ಸಬ್‌ಸ್ಟ್ರೇಟನ್ನೆಲ್ಲ ಒಂದೇ ಕ್ಷಣದಲ್ಲಿ ಮುಗಿಸಿರುತ್ತದೆ. ಅದನ್ನು ‘ಸಿಗ್ನಲ್ ಇಲ್ಲ’ ಎಂದು ಓದಬಾರದು. ಮಾದರಿ ಕಡಿಮೆ ಮಾಡಿ, ಪ್ರತಿಕಾಯವನ್ನೂ ತೆಳು ಮಾಡಿ.

24 ಕಿಲೋಡಾಲ್ಟನ್‌ಗೆ 12 ಪರ್ಸೆಂಟ್ ಜೆಲ್ ಸರಿ. ಪೊರೆ 0.2 ಮೈಕ್ರಾನ್ ರಂಧ್ರದ್ದಿರಲಿ, 0.45ರದ್ದಾದರೆ ಸಣ್ಣ ಪ್ರೋಟೀನ್ ತೂರಿಕೊಂಡು ಆಚೆ ಹೋಗುವ ಅಪಾಯ ಹೆಚ್ಚು. ಪೊರೆ ಪಿವಿಡಿಎಫ್ ಬಗೆಯದ್ದಾದರೆ ಮೊದಲು ಅರ್ಧ ನಿಮಿಷ ಮೆಥನಾಲ್‌ನಲ್ಲಿ ಅದ್ದಿ. ಒಣಗಿ ಬೆಳ್ಳಗಾದ ಜಾಗಕ್ಕೆ ಪ್ರೋಟೀನ್ ಹತ್ತುವುದಿಲ್ಲ. 20 ಪರ್ಸೆಂಟ್ ಮೆಥನಾಲ್ ಇರುವ ಟ್ರಿಸ್-ಗ್ಲೈಸಿನ್ ಬಫರ್, 100 ವೋಲ್ಟ್, ಒಂದು ಗಂಟೆ, ಟ್ಯಾಂಕ್ ಸುತ್ತ ಐಸ್. ಮುಗಿದ ಮೇಲೆ ಪಾನ್‌ಸೋ ಎಸ್‌ನಲ್ಲಿ ಎರಡು ನಿಮಿಷ ಬಣ್ಣ ಹಿಡಿಸಿ ಫೋಟೋ ತೆಗೆದಿಟ್ಟುಕೊಳ್ಳಿ. ಈ ಫೋಟೋ ಇಲ್ಲದ ಖಾಲಿ ಬ್ಲಾಟ್ ಯಾವ ತೀರ್ಮಾನಕ್ಕೂ ಬಾರದು, ಪ್ರೋಟೀನ್ ಪೊರೆಗೆ ಬಂದಿತ್ತೇ ಇಲ್ಲವೇ ಎಂಬುದೇ ಗೊತ್ತಾಗುವುದಿಲ್ಲ.

ಬ್ಲಾಕಿಂಗ್‌ಗೆ ಹೆಚ್ಚಿನವರು 5 ಪರ್ಸೆಂಟ್ ಹಾಲಿನ ಪುಡಿ ಬಳಸುತ್ತಾರೆ. ಕೆನೆ ತೆಗೆದ ಪುಡಿಯೇ ಆಗಬೇಕು. ಚಹಾಕ್ಕೆಂದು ಅಂಗಡಿಯಲ್ಲಿ ಸಿಗುವ ಡೈರಿ ವೈಟ್‌ನರ್‌ನಲ್ಲಿ ಸಕ್ಕರೆ ಇರುತ್ತದೆ, ಅದು ಬೇಡ. ಪೆಂಟಾ-ಹಿಸ್‌ನಂಥ ಕೆಲವು ಆಂಟಿ-ಹಿಸ್‌ಗಳಿಗೆ ಹಾಲು ಆಗಿಬರುವುದಿಲ್ಲ, ಸಿಗ್ನಲ್ ಇಳಿಯುತ್ತದೆ. ಅವುಗಳಿಗೆ 3 ಪರ್ಸೆಂಟ್ ಬಿಎಸ್‌ಎ (ದನದ ರಕ್ತದ ಪ್ರೋಟೀನ್) ಬೇಕು. ಸೀಸೆಯ ಜೊತೆ ಬಂದ ಕಾಗದದಲ್ಲಿ ಇದನ್ನು ಬರೆದಿರುತ್ತಾರೆ, ಓದಿ. ಪ್ರತಿಕಾಯ 1:1000ರಿಂದ ಶುರು ಮಾಡಿ 1:5000ದವರೆಗೆ ಹೋಗಿ ನೋಡಿ. ಸೆಕೆಂಡರಿ, ಅಂದರೆ ಮೊದಲ ಪ್ರತಿಕಾಯವನ್ನು (ಪ್ರೈಮರಿ) ಹಿಡಿಯುವ ಎರಡನೇ ಪ್ರತಿಕಾಯ, ಯಾವ ಪ್ರಾಣಿಯದ್ದರ ವಿರುದ್ಧ ಎಂಬುದನ್ನೂ ಪ್ರತಿ ಸಲ ನೋಡಿಕೊಳ್ಳಿ. ನಿಮ್ಮ ಮೊಲದ ಪ್ರತಿಕಾಯಕ್ಕೆ ಇರುವ ಸೆಕೆಂಡರಿ, ನಾಳೆ ಇಲಿಯ ಮೋನೋಕ್ಲೋನಲ್ ತಂದರೆ ಕೆಲಸಕ್ಕೆ ಬರುವುದಿಲ್ಲ. ಪೊರೆಯ ಒಂದು ಪಟ್ಟಿ ಕತ್ತರಿಸಿ ಪ್ರೈಮರಿ ಹಾಕದೆ ಸೆಕೆಂಡರಿ ಮಾತ್ರ ಹಾಕಿ. ಅದರಲ್ಲೂ 27 ಬಂದರೆ ದೋಷ ಸೆಕೆಂಡರಿಯದ್ದು.

ನಮ್ಮ ಕಡೆಯ ಬೇಸಿಗೆಯ ಬಗ್ಗೆಯೂ ಹೇಳಬೇಕು. ಪ್ರೋಟೋಕಾಲ್‌ನಲ್ಲಿ ‘ರೂಮ್ ಟೆಂಪರೇಚರ್‌ನಲ್ಲಿ ಒಂದು ಗಂಟೆ’ ಎಂದು ಬರೆದವರ ಕೋಣೆ 20ರಿಂದ 25 ಡಿಗ್ರಿಯದ್ದು. ವಿಜಯಪುರ, ಬಾಗಲಕೋಟೆಯ ಏಪ್ರಿಲ್ ತಿಂಗಳ ಎಸಿ ಇಲ್ಲದ ಲ್ಯಾಬ್ ಹಾಗಿರುವುದಿಲ್ಲ. ಆ ಸೆಕೆಯಲ್ಲಿ ಹಾಲು ಮಧ್ಯಾಹ್ನದೊಳಗೆ ಹುಳಿಯಾಗುತ್ತದೆ, ಪೊರೆಯ ಅಂಚು ಒಣಗುತ್ತದೆ, ಬ್ಯಾಕ್‌ಗ್ರೌಂಡ್ ಏರುತ್ತದೆ. ಪ್ರೈಮರಿಯನ್ನು ರಾತ್ರಿಯಿಡೀ 4 ಡಿಗ್ರಿಯಲ್ಲಿ ರಾಕರ್ ಮೇಲೆ ಇಡಿ, ಹಾಲನ್ನು ಆಗಲೇ ಕಲಸಿ ಬಳಸಿ. ಬಫರ್‌ಗಳಿಗೆ ಬೋರ್‌ವೆಲ್ ನೀರು ಬೇಡ, ಡಿಸ್ಟಿಲ್ಡ್ ನೀರೇ ಆಗಬೇಕು.

ಕೊರಿಯರ್‌ನಲ್ಲಿ ಬಿಸಿಯಾಗಿ ಬಂದ ಪ್ರತಿಕಾಯದ ಬಗ್ಗೆ ಜನ ಅಗತ್ಯಕ್ಕಿಂತ ಹೆಚ್ಚು ಹೆದರುತ್ತಾರೆ. ಪ್ರತಿಕಾಯ, ಅಂದರೆ ಐಜಿಜಿ, ಗಟ್ಟಿ ಅಣು. ಒಂದೆರಡು ದಿನ ಬಿಸಿಲಿನ ಹೊತ್ತಿನ ತಾಪ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ. ಅದನ್ನು ನಿಜವಾಗಿ ಹಾಳು ಮಾಡುವುದು ಮತ್ತೆ ಮತ್ತೆ ಹೆಪ್ಪುಗಟ್ಟಿಸಿ ಕರಗಿಸುವುದು. ಪೆರಾಕ್ಸಿಡೇಸ್ ಕೂಡಿಸಿದ ಸೆಕೆಂಡರಿ ಅಷ್ಟು ಗಟ್ಟಿಯಲ್ಲ, ಅದರ ಬಗ್ಗೆ ಎಚ್ಚರ ಬೇಕು. ಅನುಮಾನ ಇದ್ದರೆ ಡಾಟ್ ಬ್ಲಾಟ್ ಮಾಡಿ, ಅರ್ಧ ದಿನದ ಕೆಲಸ. ನೈಟ್ರೋಸೆಲ್ಯುಲೋಸ್ ಮೇಲೆ ಹಿಸ್ ಟ್ಯಾಗ್ ಇರುವ ಶುದ್ಧ ಪ್ರೋಟೀನನ್ನು 100, 30, 10, 3, 1 ನ್ಯಾನೋಗ್ರಾಂ ಲೆಕ್ಕದಲ್ಲಿ ಒಂದೊಂದು ಮೈಕ್ರೋಲೀಟರ್ ಹನಿ ಇಡಿ. ಪಕ್ಕದಲ್ಲಿ 100 ನ್ಯಾನೋಗ್ರಾಂ ಬಿಎಸ್‌ಎ, ಅದರ ಪಕ್ಕ ಪ್ಲಾಸ್ಮಿಡ್ ಇಲ್ಲದ ಇ. ಕೋಲಿಯ ಲೈಸೇಟ್ 1 ಮೈಕ್ರೋಗ್ರಾಂ. ಒಣಗಿಸಿ, ಬ್ಲಾಕ್ ಮಾಡಿ, ಮಾಮೂಲಿನಂತೆ ಪ್ರತಿಕಾಯ ಹಾಕಿ. 10 ನ್ಯಾನೋಗ್ರಾಂ ಹನಿ ಚೆನ್ನಾಗಿ ಕಂಡು ಬಿಎಸ್‌ಎ ಹನಿ ಖಾಲಿ ಇದ್ದರೆ ನಿಮ್ಮ ಸೀಸೆ ಬಳಕೆಗೆ ಯೋಗ್ಯ. ಲೈಸೇಟ್ ಹನಿ ಕಪ್ಪಾದರೆ ಪ್ರತಿಕಾಯ ಇ. ಕೋಲಿಯನ್ನೇ ಹಿಡಿಯುತ್ತಿದೆ. ಅದಕ್ಕೆ ಪರಿಹಾರ ಇದೆ: ತೆಳು ಮಾಡಿದ ಪ್ರತಿಕಾಯಕ್ಕೆ ಪ್ಲಾಸ್ಮಿಡ್ ಇಲ್ಲದ ಇ. ಕೋಲಿಯ ಲೈಸೇಟನ್ನು ಮಿ.ಲೀ.ಗೆ ಸುಮಾರು 1 ಮಿಲಿಗ್ರಾಂ ಬರುವಂತೆ ಸೇರಿಸಿ, 4 ಡಿಗ್ರಿಯಲ್ಲಿ ಒಂದು ಗಂಟೆ ತಿರುಗಿಸಿ, ಸೆಂಟ್ರಿಫ್ಯೂಜ್ ಮಾಡಿ ಮೇಲಿನ ದ್ರವವನ್ನಷ್ಟೇ ಬ್ಲಾಟಿಗೆ ಹಾಕಿ. ಬ್ಯಾಕ್ಟೀರಿಯಾಕ್ಕೆ ಅಂಟುವ ಭಾಗ ಬಹುಮಟ್ಟಿಗೆ ಆ ಲೈಸೇಟ್‌ನಲ್ಲೇ ಖರ್ಚಾಗಿಬಿಡುತ್ತದೆ.

ಸೀಸೆ ಬಂದ ದಿನವೇ 10 ಅಥವಾ 20 ಮೈಕ್ರೋಲೀಟರ್‌ನಂತೆ ಸಣ್ಣ ಟ್ಯೂಬುಗಳಿಗೆ ಹಂಚಿ. ಕರೆಂಟ್ ಹೋಗಿ ಬರುವ ಕಡೆ, ಪ್ರತಿಕಾಯದ ಜೊತೆಗಿನ ಕಾಗದ ಒಪ್ಪಿದರೆ, 50 ಪರ್ಸೆಂಟ್ ಗ್ಲಿಸರಾಲ್‌ನಲ್ಲಿ ಮೈನಸ್ 20ರಲ್ಲಿ ಇಡುವುದು ಒಳ್ಳೆಯದು, ಆ ತಾಪದಲ್ಲಿ ಅದು ಹೆಪ್ಪುಗಟ್ಟುವುದಿಲ್ಲ. ತಾನಾಗಿ ಮಂಜು ಕರಗಿಸಿಕೊಳ್ಳುವ ಮನೆ ಫ್ರಿಜ್‌ನ ಫ್ರೀಜರ್ ಬೇಡ, ಅದರ ಒಳಗಿನ ತಾಪ ದಿನಾ ಏರಿಳಿಯುತ್ತದೆ.

ಫ್ಲ್ಯಾಗ್ ವಿಷಯದಲ್ಲಿ ನಿಮ್ಮ ಸೀನಿಯರ್ ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಗುರುತಿಸುವಿಕೆಯ ಸ್ವಚ್ಛತೆಯಲ್ಲಿ ಫ್ಲ್ಯಾಗ್, ಎಚ್‌ಎ, ವಿ5 ಇವೆಲ್ಲ ಹಿಸ್‌ಗಿಂತ ಮೇಲು. ಫ್ಲ್ಯಾಗ್ 1988ರಲ್ಲಿ ಪ್ರಕಟವಾದ ಎಂಟು ಅಮೈನೋ ಆಮ್ಲಗಳ ಟ್ಯಾಗ್: ಡಿ-ವೈ-ಕೆ-ಡಿ-ಡಿ-ಡಿ-ಡಿ-ಕೆ. ಪ್ರತಿಕಾಯದಿಂದ ಗುರುತಿಸಲೆಂದೇ ರಚಿಸಿದ ಈ ಸಾಲು ಇ. ಕೋಲಿಯ ಪ್ರೋಟೀನುಗಳಲ್ಲಿ ಇಲ್ಲ. ಎಚ್‌ಎ ಇನ್‌ಫ್ಲುಯೆಂಜಾ ವೈರಸ್‌ನ ಹಿಮ್ಯಾಗ್ಲುಟಿನಿನ್‌ನಿಂದ ತೆಗೆದ ಒಂಬತ್ತು ಅಮೈನೋ ಆಮ್ಲ. ಮಿಕ್ ಎಂಬ ಇನ್ನೊಂದು ಟ್ಯಾಗ್ ಮನುಷ್ಯನ ಸಿ-ಮಿಕ್ ಪ್ರೋಟೀನಿನಿಂದ ತೆಗೆದ ಹತ್ತು. ಅದನ್ನು ಹಿಡಿಯುವ ಹೆಸರಾಂತ ಪ್ರತಿಕಾಯ 9ಇ10 ಮನುಷ್ಯನ ಕೋಶಗಳ ಸ್ವಂತ ಸಿ-ಮಿಕ್ಕನ್ನೂ ಹಿಡಿಯುತ್ತದೆ, ಇ. ಕೋಲಿಯಲ್ಲಿ ಆ ತೊಂದರೆ ಇಲ್ಲ. ಆದರೆ ನಿಮ್ಮ ಕೆಲಸ ಶುದ್ಧೀಕರಣದ್ದೂ ಹೌದು, ಪ್ರೋಟೀನ್ ಇನ್‌ಕ್ಲೂಷನ್ ಬಾಡಿಯಲ್ಲಿ ಕೂತರೆ ಅದನ್ನು 8 ಮೋಲಾರ್ ಯೂರಿಯಾದಲ್ಲಿ ಕರಗಿಸಬೇಕಾಗುತ್ತದೆ. ನಿಕ್ಕಲ್ ಅಂಥ ಯೂರಿಯಾದಲ್ಲೂ ಹಿಸ್ ಟ್ಯಾಗನ್ನು ಹಿಡಿಯುತ್ತದೆ. ಫ್ಲ್ಯಾಗ್‌ನ ರೆಸಿನ್ ಮೇಲಿರುವುದು ಪ್ರತಿಕಾಯ, ಅದು ಅಷ್ಟು ಯೂರಿಯಾದಲ್ಲಿ ಬಿಚ್ಚಿಹೋಗುತ್ತದೆ. ರೆಸಿನ್ ಬೆಲೆಯೂ ಬಹಳ. ಆದ್ದರಿಂದ ಇ. ಕೋಲಿಯ ಮಟ್ಟದಲ್ಲಿ ಹಿಸ್‌ನಲ್ಲೇ ಇರಿ, ಪಾಲಿಕ್ಲೋನಲ್ ಕಾಟ ಕೊಟ್ಟರೆ ಐದು ಹಿಸ್ಟಿಡಿನ್ ಸಾಲನ್ನೇ ಬೇಡುವ ಮೋನೋಕ್ಲೋನಲ್‌ಗೆ ಬದಲಾಯಿಸಿ. ಮುಂದೆ ಈ ಜೀನನ್ನು ಅಗ್ರೋಬ್ಯಾಕ್ಟೀರಿಯಂ ಮೂಲಕ ತಂಬಾಕಿನ ಎಲೆಯಲ್ಲಿ ತಾತ್ಕಾಲಿಕವಾಗಿ ತಯಾರಿಸುವ ಯೋಚನೆ ಇದ್ದರೆ ಆಗ ಫ್ಲ್ಯಾಗ್ ಅಥವಾ ಎಚ್‌ಎ ತೆಗೆದುಕೊಳ್ಳಿ. ಎಲೆಯ ಲೈಸೇಟ್‌ನಲ್ಲಿ ಪ್ರೋಟೀನ್ ಕಡಿಮೆ, ಬ್ಯಾಕ್‌ಗ್ರೌಂಡ್ ಹೆಚ್ಚು; ಹಿಸ್ ಅಲ್ಲಿ ಸೋಲುತ್ತದೆ.

ಕೊನೆಯ ಪ್ರಶ್ನೆ, ಬೀಳಗಿಯ ತೋಟಗಳದ್ದು. ಈ ಪ್ರತಿಕಾಯದಿಂದ ಅದು ಆಗುವುದಿಲ್ಲ. ತೋಟದಲ್ಲಿರುವ ಜಾಂಥೋಮೊನಾಸ್‌ನ ಪ್ರೋಟೀನಿಗೆ ಯಾರೂ ಟ್ಯಾಗ್ ಕಟ್ಟಿಲ್ಲ. ಅದು ನಿಮ್ಮ ಪ್ಲಾಸ್ಮಿಡ್‌ನಲ್ಲಿ ಮಾತ್ರ ಇದೆ. ಎಲೆಯಲ್ಲಿ ಪತ್ತೆ ಮಾಡಬೇಕಾದರೆ ನಿಮ್ಮ ಪ್ರೋಟೀನಿನ ವಿರುದ್ಧವೇ ಪ್ರತಿಕಾಯ ಬೆಳೆಸಬೇಕು, ಟ್ಯಾಗ್ ಅದಕ್ಕೆ ಮೆಟ್ಟಿಲಾಗುತ್ತದೆ. ಹಿಸ್ ಟ್ಯಾಗ್ ಹಿಡಿದು ಒಂದೆರಡು ಮಿಲಿಗ್ರಾಂ ಶುದ್ಧ ಪ್ರೋಟೀನ್ ತಯಾರಿಸಿ, ಸಂಸ್ಥೆಯ ಪ್ರಾಣಿ ನೈತಿಕತಾ ಸಮಿತಿಯ ಒಪ್ಪಿಗೆ ಪಡೆದು, ಮೊಲದಲ್ಲಿ ಬೆಳೆಸುವುದಕ್ಕೆ ಎರಡು ಮೂರು ತಿಂಗಳು ಹಿಡಿಯುತ್ತದೆ. ಚುಚ್ಚುವ ಪ್ರೋಟೀನಿನಲ್ಲಿ ಸ್ಲೈಡಿ ಬೆರೆತಿದ್ದರೆ ನಿಮ್ಮ ಹೊಸ ಪ್ರತಿಕಾಯ ಸ್ಲೈಡಿಯನ್ನೂ ಹಿಡಿಯುತ್ತದೆ. ಆದ್ದರಿಂದ ಕಾಲಮ್ ತೊಳೆಯುವಾಗ ಇಮಿಡಜೋಲ್ 20ರಿಂದ 40, 50 ಮಿಲಿಮೋಲಾರ್‌ವರೆಗೆ ಏರಿಸಿ ನೋಡಿ, 250ರಲ್ಲಿ ಎಲ್ಯೂಟ್ ಮಾಡಿ, ನಂತರ ಇನ್ನೊಂದು ಹಂತದ ಶುದ್ಧೀಕರಣ ಇಟ್ಟುಕೊಳ್ಳಿ. ಪ್ರೋಟೀನ್ ಕರಗದೆ ಪೆಲೆಟ್‌ನಲ್ಲೇ ಇದ್ದರೆ, ಎಸ್‌ಡಿಎಸ್ ಜೆಲ್ಲಿನಿಂದ ಅದರ ಬ್ಯಾಂಡನ್ನು ಮಾತ್ರ ಕತ್ತರಿಸಿ ತೆಗೆದು ಚುಚ್ಚಲು ಬಳಸುವ ಪದ್ಧತಿಯೂ ಇದೆ. ನಿಮ್ಮ ಜೆಲ್ಲಿನಲ್ಲಿ 24 ಮತ್ತು 27ರ ನಡುವೆ ಸ್ಪಷ್ಟ ಅಂತರ ಇರುವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ. 15 ಪರ್ಸೆಂಟ್ ಜೆಲ್ ಹಾಕಿ ಉದ್ದಕ್ಕೆ ಓಡಿಸಿದರೆ ಅಂತರ ಇನ್ನೂ ಹೆಚ್ಚುತ್ತದೆ.